ಓಟ ಮುಗಿದ ಮೇಲೆ ಯಾವ ಬೇಕರಿ? ಮೂರು ದಾರಿ ಓಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟವೂ ಓಟೂ ಲಾಲ್‌ಬಾಗ್‌ಗೇ. ಉಳಿದ ಎರಡು ಕಡೆ ತಿಂದಿದ್ದೇನೂ ಕೆಟ್ಟದಾಗಿರಲಿಲ್ಲ. ಆದರೆ ಒಂದು ಲೆಮನ್ ಟಾರ್ಟ್ ನನಗೆ ಬುದ್ಧಿ ಕಲಿಸಿತು.

ಓಡುವುದಕ್ಕಷ್ಟೇ ಆದರೆ ಕಬ್ಬನ್ ಪಾರ್ಕೇ ಸರಿ. ಭಾನುವಾರ ಒಳಗೆ ವಾಹನ ಬಿಡುವುದಿಲ್ಲ. ಬಿದಿರು ಮೆಳೆಯ ಪಕ್ಕ ಓಡುವಾಗ ನಮ್ಮ ಉಸಿರು ನಮಗೇ ಕೇಳಿಸುತ್ತದೆ. ಅಲ್ಲಿಂದ ಹೊರಬಿದ್ದರೆ ಸುತ್ತಮುತ್ತ ಕಾಫಿ, ಕ್ರೋಸಾನ್ ಮಾರುವ ಚಂದದ ಅಂಗಡಿಗಳು. ಅಂಥ ಒಂದರಲ್ಲಿ, ಹೆಸರು ಬೇಡ, ಮಗಳಿಗೆಂದು 240 ರೂಪಾಯಿ ಕೊಟ್ಟು ಒಂದು ಟಾರ್ಟ್ ಕೊಂಡೆ. ತೆಳ್ಳನೆ ರಟ್ಟಿನ ಡಬ್ಬಿ, ಮೇಲೊಂದು ರಿಬ್ಬನ್. ಮೆಟ್ರೋ ಹತ್ತಿ ಬರಬಹುದಿತ್ತು. ಜಯನಗರಕ್ಕೆ ಓಡಿಯೇ ಹೋಗೋಣ ಅನ್ನಿಸಿತು.

ಡಬ್ಬಿ ಹಿಡಿದು ಓಡಿ ನೋಡಿದ್ದೀರಾ? ಒಂದು ಕೈ ಬೀಸುತ್ತದೆ, ಇನ್ನೊಂದು ಆರತಿ ತಟ್ಟೆ ಹಿಡಿದಂತೆ ಅಲ್ಲಾಡದೆ ಇರುತ್ತದೆ. ರಿಚ್ಮಂಡ್ ಸರ್ಕಲ್ ದಾಟುವಷ್ಟರಲ್ಲಿ ಭುಜ ಹಿಡಿದುಕೊಂಡಿತು. ಕೈ ಬದಲಿಸಿದೆ. ಬೆವರಿಗೆ ರಟ್ಟು ಮೆತ್ತಗಾಗುತ್ತಾ ಬಂತು. ಡಬಲ್ ರೋಡ್‌ನಲ್ಲಿ ಫುಟ್‌ಪಾತಿನ ಚಪ್ಪಡಿಯೊಂದು ಎದ್ದು ಕೂತಿತ್ತು, ಅದನ್ನು ಹಾರಿದೆ. ಡಬ್ಬಿಯೊಳಗೆ ಏನೋ ಜಾರಿದ್ದು ಕೈಗೆ ಗೊತ್ತಾಯಿತು. ಮನೆಗೆ ಬಂದು ತೆಗೆದರೆ ಹಳದಿ ಕ್ರೀಮೆಲ್ಲ ಮುಚ್ಚಳಕ್ಕೆ, ಕೆಳಗೆ ಬರೀ ಪುಡಿ. ಮಗಳು ಚಮಚ ಹಿಡಿದು ಕೇಳಿದಳು: "ಅಪ್ಪಾ, ಇದು ಚಿತ್ರಾನ್ನಾನಾ?"

ಮುಂದಿನ ವಾರ ಬೆನ್ನಿಗೆ ಬ್ಯಾಗ್ ಹಾಕಿ ಕ್ರೋಸಾನ್ ತಂದೆ. ಅದು ಚಪ್ಪಟೆಯಾಗಿ ಪರೋಟದ ಹಾಗಾಯಿತು. ಅಲ್ಲೇ ಕೂತು ತಿನ್ನಿ ಅನ್ನುತ್ತೀರಿ. ಬೆವರು ಸುರಿಯುವ ಬನಿಯನ್‌ನಲ್ಲಿ ಏಸಿ ಕೆಳಗೆ ಅರ್ಧ ಗಂಟೆ ಕೂರೋದು ನನ್ನ ಕೈಲಾಗಲ್ಲ.

ಎರಡನೆಯದು ಫ್ರೇಜರ್ ಟೌನ್. ಹಲಸೂರು ಕೆರೆ ಕಡೆ ಓಡಿ, ಮಾಸ್ಕ್ ರೋಡಿನ ಆಲ್ಬರ್ಟ್ ಬೇಕರಿಯಲ್ಲಿ ನಿಲ್ಲುವುದು. 1902ರ ಬೇಕರಿ. ಅಲ್ಲಿನ ಬಿಸಿ ಖೋವಾ ನಾನ್‌ಗೆ ಎದುರಿಲ್ಲ, ರುಚಿಯೊಂದೇ ನೋಡಿದರೆ ಮೂರರಲ್ಲಿ ಇದೇ ಮೇಲು. ಆದರೆ ಅದು ಬಾಗಿಲು ತೆಗೆಯೋದೇ ಮಧ್ಯಾಹ್ನದ ಮೇಲೆ. ನಾನು ಬೆಳಗ್ಗೆ ಐದೂವರೆಗೆ ಏಳುವವನು. ಸಂಜೆ ಟ್ರಾಫಿಕ್ಕಿನ ಹೊಗೆ ಕುಡಿಯುತ್ತಾ ಓಡುವುದು ನನಗೆ ಒಗ್ಗಲಿಲ್ಲ.

ಇನ್ನು ಲಾಲ್‌ಬಾಗ್. 240 ಎಕರೆ, ಎರಡು ಸುತ್ತು ಹೊಡೆದರೆ ನನ್ನ ಕೋಟಾ ಮುಗಿಯಿತು. ಕೆಂಪೇಗೌಡರ ಗೋಪುರದ ಬಂಡೆ ಹತ್ತುವಾಗ ಮಂಡಿ ಗೊಣಗುತ್ತದೆ. ಬಂಡೆಗೆ ಸುಮಾರು 300 ಕೋಟಿ ವರ್ಷ, ನನ್ನ ಮಂಡಿಗೆ ನಲವತ್ತಾರು, ಸವೆದಿರುವುದು ಮಾತ್ರ ಮಂಡಿಯೇ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಆ ಕಡೆ ತಲೆ ಹಾಕಬೇಡಿ.

ಪಶ್ಚಿಮದ ಗೇಟಿನಿಂದ ಹೊರಬಂದು ವಿವಿ ಪುರಂ ಕಡೆ ನಡೆದರೆ ಸಜ್ಜನ್ ರಾವ್ ಸರ್ಕಲ್ ಬಳಿ 1953ರ ವಿಬಿ ಬೇಕರಿ. ಬನ್ ಸೀಳಿ, ಬೆಣ್ಣೆ ಸವರಿ, ನಡುವೆ ಕಾಂಗ್ರೆಸ್ ಕಡಲೆಕಾಯಿ ತುಂಬಿ ಕೊಡುತ್ತಾರೆ. ಬೇಳೆಯಾಗಿ ಒಡೆದ ಕಡಲೆಕಾಯಿ, ಮೆಣಸಿನ ಖಾರ, ಗರಿಗರಿ ಕರಿಬೇವು. ಬೆವರಿ ಬಂದವನಿಗೆ ಆ ಉಪ್ಪು ಖಾರ ಅಮೃತ. ಕೂರಲು ಜಾಗ ಹುಡುಕುವ ಗೋಜಿಲ್ಲ, ಎಲ್ಲರೂ ನಿಂತೇ ತಿನ್ನುವುದು. ನನ್ನ ಬೆವರನ್ನು ಯಾರೂ ತಿರುಗಿ ನೋಡಲಿಲ್ಲ. ಚಡ್ಡಿ ಜೇಬಿನಲ್ಲಿ ಮಡಚಿಟ್ಟ ನೂರರ ನೋಟು ಒದ್ದೆಯಾಗಿದ್ದರೂ ತೆಗೆದುಕೊಂಡರು.

ಬೆಣ್ಣೆ ಬನ್ ತಿಂದ ಮೇಲೆ ಓಡೋಕಾಗಲ್ಲ, ನಿಜ. ನಡೆದೇ ಮನೆಗೆ ಬರುತ್ತೇನೆ. ಆದರೆ ಕಡಲೆಕಾಯಿ ಪೊಟ್ಟಣ ಜೇಬಿನಲ್ಲಿ ಎಷ್ಟು ಕುಲುಕಿದರೂ ಏನೂ ಆಗುವುದಿಲ್ಲ. ಮೊದಲೇ ಒಡೆದಿರುವುದು ಇನ್ನೇನು ಒಡೆದೀತು? ಪ್ರತಿ ವಾರ ಎರಡು ಪೊಟ್ಟಣ ಕೊಳ್ಳುತ್ತೇನೆ. ಸೌತ್ ಎಂಡ್ ಸರ್ಕಲ್ ತಲುಪುವಷ್ಟರಲ್ಲಿ ಒಂದು ಖಾಲಿ. ಮಗಳಿಗೆ ಇನ್ನೊಂದರ ಲೆಕ್ಕ ಮಾತ್ರ ಗೊತ್ತು.