ಮಗಳ ಮುರಕಲ್ಲಿನ ಮನೆಗೆ ಒಂದು ಡ್ರಿಲ್ಲಿಂಗ್ ಮೆಷಿನ್

ಬೇರೆ ಮನೆ ಮಾಡಿಕೊಂಡಿರುವ ಮಕ್ಕಳಿಗೆ ರಿಪೇರಿ ಕೆಲಸಗಳಲ್ಲಿ ಆಸರೆಯಾಗಬೇಕೆಂದು ಬಯಸುವ ತಂದೆತಾಯಂದಿರು ಕೊಡಬಹುದಾದ ಉಪಯುಕ್ತ ವಸ್ತು ಒಳ್ಳೆಯದೊಂದು ಡ್ರಿಲ್ಲಿಂಗ್ ಮೆಷಿನ್ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕುಂಬಳೆಯ ಸಮೀಪ ಹಳೆಯ ಹಂಚಿನ ಮನೆಯೊಂದನ್ನು ಕೊಂಡ ಮಗಳಿಗಾಗಿ ನಾವು ಆರಿಸಿದ್ದು ಬಾಷ್ ಕಂಪನಿಯ ಜಿಎಸ್‌ಬಿ 500 ಆರ್‌ಇ ಎಂಬ ಇಂಪ್ಯಾಕ್ಟ್ ಡ್ರಿಲ್. ಮಳೆಗಾಲವನ್ನೂ ಬೇಸಿಗೆಯನ್ನೂ ಅದರೊಂದಿಗೆ ಕಳೆದಿರುವುದರಿಂದ, ಕಾಸರಗೋಡಿನ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆಗಳಿಗೆ ಅದು ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಮನೆ ಕಟ್ಟಲು ಜನ ಸಿಗುತ್ತಾರೆ. ಪರದೆಯ ಸರಳೊಂದನ್ನು ಕೂರಿಸಲು ಸಿಗುವುದಿಲ್ಲ. ಒಂದು ಗಂಟೆಯ ಕೆಲಸಕ್ಕಾಗಿ ಬಡಗಿ ತನ್ನ ಇಡೀ ದಿನವನ್ನು ಬಿಟ್ಟು ಬರಲಾರ, ಹಾಗೆ ಬರಬೇಕೆಂದು ಕೇಳುವುದೂ ಸರಿಯಲ್ಲ. ಹೆಚ್ಚುಕಡಿಮೆ ಅವನ ಎರಡು ಮೂರು ದಿನಗಳ ಕೂಲಿಗೆ ಈ ಯಂತ್ರವೇ ಬರುತ್ತದೆ.

500 ವ್ಯಾಟ್ ಶಕ್ತಿಯ ಈ ಯಂತ್ರದ ಚಕ್, ಅಂದರೆ ಮುಂದಿನ ಹಿಡಿಬಾಯಿ, 10 ಮಿಲಿಮೀಟರ್‌ವರೆಗಿನ ಬಿಟ್‌ಗಳನ್ನು (ಕೊರೆಯುವ ಕಡ್ಡಿಗಳನ್ನು) ಹಿಡಿಯುತ್ತದೆ. ಎರಡು ಆಂಪಿಯರ್‌ಗಿಂತ ತುಸು ಹೆಚ್ಚು ವಿದ್ಯುತ್ತನ್ನಷ್ಟೇ ಎಳೆಯುವುದರಿಂದ ಹಳೆಯ ಮನೆಯ ಸಾಧಾರಣ 6 ಆಂಪಿಯರ್ ಪ್ಲಗ್ ಪಾಯಿಂಟೇ ಸಾಕಾಗುತ್ತದೆ. ನಾನು ಬಹಳವಾಗಿ ಮೆಚ್ಚಿದ ಸಂಗತಿಗಳು ಎರಡು. ಮೊದಲನೆಯದು ಅದರ ಹಗುರ: ಏಣಿಯ ಮೇಲೆ ನಿಂತು ತಲೆಯ ಎತ್ತರಕ್ಕೆ ಹಿಡಿದರೂ ಮಗಳ ಕೈ ಸೋಲುವುದಿಲ್ಲ. ಎರಡನೆಯದು ಸ್ವಿಚ್ಚನ್ನು ಒತ್ತಿದಷ್ಟೇ ವೇಗ ಬರುವ ವ್ಯವಸ್ಥೆ. ಹೊಸಬರ ಕೈಯಲ್ಲಿ ಬಿಟ್ ಜಾರಿ ಗೋಡೆಗೆ ಗೀರು ಬೀಳುವುದು ಮೊದಲ ಕ್ಷಣದಲ್ಲಿಯೇ. ನಿಧಾನವಾಗಿ ಆರಂಭಿಸಲು ಸಾಧ್ಯವಾದರೆ ಆ ಭಯವೇ ಇರುವುದಿಲ್ಲ.

ಆದರೆ ಯಂತ್ರ ಎಷ್ಟೇ ಒಳ್ಳೆಯದಾದರೂ ಮುರಕಲ್ಲಿನ ಸ್ವಭಾವವನ್ನು ಅರಿಯದೆ ಅದನ್ನು ಬಳಸಿದರೆ ಗೋಡೆ ಕೆಡುತ್ತದೆ. ಈ ಕಲ್ಲು ಗಣಿಯಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುತ್ತದೆ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಈ ಕಲ್ಲಿನ ಬಗ್ಗೆ ಇದೇ ಗುಣವನ್ನು ದಾಖಲಿಸಿದ್ದಾನೆ. ಹೊರಮೈ ಬಿರುಸಾಗಿದ್ದರೂ ಒಳಗೆ ಅಲ್ಲಲ್ಲಿ ಮೆದು ಮಣ್ಣೂ ಟೊಳ್ಳೂ ಇರುತ್ತವೆ. ಆದ್ದರಿಂದ ತಿರುಗುವುದರ ಜೊತೆಗೆ ಪೆಟ್ಟನ್ನೂ ಕೊಡುವ ಹ್ಯಾಮರ್ ಗುಂಡಿಯನ್ನು ಹಾಕಿ ಕೊರೆದರೆ ತೂತಿನ ಅಂಚು ಉದುರಿ, 8 ಮಿಲಿಮೀಟರ್ ಪ್ಲಗ್ಗಿಗೆಂದು (ಸ್ಕ್ರೂ ಹಿಡಿಯಲು ಗೋಡೆಯೊಳಗೆ ಕೂರಿಸುವ ಕೊಳವೆಗೆಂದು) ಮಾಡಿದ ತೂತು ಹೆಬ್ಬೆರಳು ಹೋಗುವಷ್ಟು ಅಗಲವಾಗುತ್ತದೆ. ಮಗಳ ಮನೆಯ ಹಿಂದಿನ ಮಾಲೀಕರು ಯಾರಿಂದಲೋ ಮಾಡಿಸಿದ್ದ ಕಪಾಟಿನ ಕೆಲಸ ಹೀಗೆಯೇ ಹಾಳಾಗಿತ್ತು. ಸ್ಕ್ರೂಗಳನ್ನು ಬೆರಳಿನಿಂದಲೇ ಎಳೆದು ತೆಗೆಯಬಹುದಿತ್ತು.

ಹ್ಯಾಮರನ್ನು ಬಂದ್ ಮಾಡಿ, ಬರಿಯ ತಿರುಗುವಿಕೆಯಿಂದ, ಬೇಕಾದುದಕ್ಕಿಂತ ಒಂದು ಅಳತೆ ಸಣ್ಣ ಬಿಟ್‌ನಿಂದ ಕೊರೆಯಲು ಆರಂಭಿಸುವುದು ಸರಿಯಾದ ಕ್ರಮ. ಹಳೆಯ ಮನೆಗಳಲ್ಲಿ ಕಲ್ಲುಗಳ ನಡುವಿನ ಸಂದಿಗೆ ಮಣ್ಣು ಮೆತ್ತಿರುವುದುಂಟಾದ್ದರಿಂದ ಸಂದಿಯನ್ನು ಬಿಟ್ಟು ಕಲ್ಲಿನ ನಡುವೆಯೇ ತೂತು ಬೀಳುವಂತೆ ನೋಡಿಕೊಳ್ಳಬೇಕು. ಗೋಡೆಯ ಒಳಗೆ ಏನಿದೆ ಎಂಬುದನ್ನು ಉದುರುವ ಹುಡಿಯೇ ಹೇಳುತ್ತದೆ. ತೂತಿನ ಕೆಳಗೆ ಮಡಚಿದ ಕಾಗದವೊಂದನ್ನು ಅಂಟಿಸಿದರೆ ಮೊದಲು ಗಾರೆಯ ಹುಡಿ ಬೀಳುತ್ತದೆ, ಕಲ್ಲು ತಾಗಿದೊಡನೆ ಕುಂಕುಮದಂತಹ ಕೆಂಪು ಹುಡಿ ಇಳಿಯತೊಡಗುತ್ತದೆ. ಹುಡಿ ಬರುವುದು ನಿಂತು ಬಿಟ್ ತಟ್ಟನೆ ಒಳಗೆ ಜಾರಿದರೆ ಅಲ್ಲಿ ಟೊಳ್ಳು ಇದೆಯೆಂದು ತಿಳಿಯಬೇಕು. ಅಂತಹ ತೂತಿಗೆ ನೀರು ಚಿಮುಕಿಸಿ, ಗಟ್ಟಿಯಾಗಿ ಕಲಸಿದ ಸಿಮೆಂಟನ್ನು ತುಂಬಿ, ಪ್ಲಗ್ಗನ್ನು ಒತ್ತಿ ಕೂರಿಸಿ, ಮರುದಿನ ಸ್ಕ್ರೂ ಹಾಕಿದರೆ ಮಿಕ್ಸಿಯ ಹಲಗೆಯೂ ಅಲುಗುವುದಿಲ್ಲ. ಪ್ಲಗ್ಗಿನ ಉದ್ದಕ್ಕೆ ಸರಿಯಾಗಿ ಬಿಟ್‌ಗೆ ಇನ್ಸುಲೇಷನ್ ಟೇಪ್ ಸುತ್ತಿಕೊಂಡರೆ ಆಳದ ಲೆಕ್ಕ ತಪ್ಪುವುದಿಲ್ಲ.

ಹಲಸಿನ ಮರದ ದಾರಂದದಲ್ಲಿ (ಬಾಗಿಲಿನ ಚೌಕಟ್ಟಿನಲ್ಲಿ) ಚಿಲಕ ಕೂರಿಸಲು, ಮಾಡಿನ ಪಕ್ಕಾಸಿಗೆ ಮಳೆನೀರು ಹರಿಯುವ ದಂಬೆಯ ಕೊಕ್ಕೆಗಳನ್ನು ಬಿಗಿಯಲು ಈ ಯಂತ್ರ ಹೇಳಿ ಮಾಡಿಸಿದಂತಿದೆ. ಬಚ್ಚಲಿನ ಟೈಲ್ಸ್ ಕೊರೆಯುವಾಗಲೂ ಟೈಲ್ಸ್ ದಾಟುವವರೆಗೆ ಹ್ಯಾಮರ್ ಹಾಕಬಾರದು. ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ತೊಲೆಗೆ ಮಾತ್ರ ಇದು ತಕ್ಕ ಸಾಧನವಲ್ಲ. ಇಂಪ್ಯಾಕ್ಟ್ ಡ್ರಿಲ್‌ನ ಒಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಸಣ್ಣ ಪೆಟ್ಟುಗಳನ್ನು ಕೊಡುತ್ತವೆ. ಕಾಂಕ್ರೀಟಿನಲ್ಲಿ ಸಾಲುಸಾಲಾಗಿ ತೂತು ಮಾಡಲು ಗಾಳಿಯ ಒತ್ತಡದಿಂದ ಬಡಿಯುವ ರೋಟರಿ ಹ್ಯಾಮರ್ ಬೇಕಾಗುತ್ತದೆ, ಅದನ್ನು ಬಾಡಿಗೆಗೆ ತರುವುದು ಲೇಸು.

ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ವೈರಿಂಗ್ ಹಾದುಹೋಗಿರುತ್ತದೆ, ಅಲ್ಲಿ ಕೊರೆಯಬೇಡಿ. ಜೋರು ಮಳೆಯ ಆಟಿ ತಿಂಗಳಿನಲ್ಲಿ (ಜುಲೈ–ಆಗಸ್ಟ್) ನೀರು ಹೀರಿ ನಿಂತ ಹೊರಗೋಡೆಯನ್ನು ಮುಟ್ಟದೆ, ಅದು ಒಣಗುವವರೆಗೆ ಕಾಯಿರಿ. ಕಣ್ಣಿಗೆ ಕನ್ನಡಕ ಇರಲಿ.

ನೆರವಾಗಲು ಹೋಗುವ ಹಿರಿಯರಿಗೆ ಮುಖ್ಯವಾಗಿ ಹೇಳಬೇಕಾದ ಮಾತೊಂದಿದೆ. ಯಂತ್ರವನ್ನು ಮಕ್ಕಳ ಕೈಗೇ ಕೊಡಿ. ಎಲ್ಲವನ್ನೂ ನಾವೇ ಮಾಡಿ ಮುಗಿಸಿ ಬಂದರೆ ಮುಂದಿನ ಬಾರಿ ಕೊಳಾಯಿಯ ಕ್ಲಿಪ್ ಸಡಿಲವಾದಾಗಲೂ ಅವರು ನಮ್ಮ ದಾರಿಯನ್ನೇ ಕಾಯಬೇಕಾಗುತ್ತದೆ, ನಮಗೋ ಏಣಿ ಹತ್ತುವ ವಯಸ್ಸು ಮೀರುತ್ತಿದೆ. ಅಡುಗೆಮನೆಯ ಹಲಗೆಯನ್ನು ಮಗಳು ಕೊರೆದಳು, ಅಳಿಯ ಮಟ್ಟ ಹಿಡಿದರು, ನಾನು ಏಣಿಯ ಬುಡವನ್ನು ಹಿಡಿದು ಹುಡಿಯ ಬಣ್ಣವನ್ನು ಹೇಳುತ್ತಿದ್ದೆ. ಈಗ ಅವಳು ಯಾವ ಅಳತೆಯ ಪ್ಲಗ್ ತರಬೇಕೆಂದಷ್ಟೇ ಫೋನಿನಲ್ಲಿ ಕೇಳುತ್ತಾಳೆ.

ಸುತ್ತಿಗೆ, ಪಕ್ಕಡ್ ಮನೆಯಲ್ಲಿ ಮೊದಲೇ ಇದ್ದರೆ ದೊಡ್ಡ ಕಿಟ್ ಬೇಕಿಲ್ಲ. ಬರಿಯ ಯಂತ್ರವನ್ನು ಕೊಂಡು, ಗೋಡೆಗೆ 6 ಮತ್ತು 8 ಮಿಲಿಮೀಟರ್‌ನ ಕಾರ್ಬೈಡ್ ತುದಿಯ ಬಿಟ್‌ಗಳನ್ನೂ ಮರಕ್ಕೆ ಬೇರೆ ಬಿಟ್‌ಗಳನ್ನೂ ಬಿಡಿಯಾಗಿ ಆರಿಸಿಕೊಳ್ಳಿ. ಅಂಗಡಿಯಲ್ಲಿಯೇ ಕರೆಂಟಿಗೆ ಹಾಕಿಸಿ, ಹ್ಯಾಮರ್ ಇದ್ದೂ ಇಲ್ಲದೆಯೂ ತಿರುಗಿಸಿ ನೋಡಿ, ಬಿಲ್ಲನ್ನು ಮಗನ ಅಥವಾ ಮಗಳ ಹೆಸರಿಗೇ ಮಾಡಿಸಿ. ವಾರಂಟಿಗೆ ಓಡಾಡುವವರು ಅವರೇ ಆಗಿರುತ್ತಾರೆ.