ನಂಪೈ ತಕರಾರಿಗೆ ಯುವಿ: ಎಲ್ಲಿ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ

ಪೈಥಾನ್ ಪ್ಯಾಕೇಜ್ ಹಾಕಲು ಆಸ್ಟ್ರಲ್ ಕಂಪನಿಯ ಯುವಿ (uv) ಎಂಬ ಟೂಲ್ 2024ರ ಫೆಬ್ರವರಿಯಲ್ಲಿ ಬಂತು. ಅದರ ವೇಗದ ಗುಣಗಾನ ಸಾಕಷ್ಟಾಗಿದೆ. ಲೈಬ್ರರಿ ವರ್ಷನ್‌ಗಳು ಕಚ್ಚಾಡತೊಡಗಿದಾಗ ಅದು ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದು ಬೇರೆ ಪ್ರಶ್ನೆ.

ಒಂದು ಪ್ಯಾಕೇಜ್‌ಗೆ ನಂಪೈ (NumPy) ಎಂಬ ಲೆಕ್ಕಾಚಾರದ ಲೈಬ್ರರಿಯ 2ಕ್ಕಿಂತ ಕೆಳಗಿನ ವರ್ಷನ್, ಇನ್ನೊಂದಕ್ಕೆ 2 ಅಥವಾ ಮೇಲಿನದು ಬೇಕೆಂದು ಬರೆದಿದ್ದರೆ ಪ್ಯಾಕೇಜ್ ಸೇರಿಸುವ 'ಯುವಿ ಆಡ್' ಕಮಾಂಡ್ ಏನನ್ನೂ ಮುಟ್ಟದೆ ನಿಲ್ಲುತ್ತದೆ, ಯಾರಿಂದ ಯಾರಿಗೆ ತೊಡಕು ಎಂದು ಸರಪಳಿಯಾಗಿ ಹೇಳುತ್ತದೆ. ಇಲ್ಲಿ ಪೂರ್ತಿ ಅಂಕ.

ಕಷ್ಟ ಇರುವುದು ಯಾರೂ ಬರೆದಿಡದ ತಕರಾರಿನಲ್ಲಿ. 2024ರ ಜೂನ್‌ನಲ್ಲಿ ಬಂದ ನಂಪೈ 2.0 ಬೈನರಿ ಹೊಂದಾಣಿಕೆಯನ್ನೇ ಮುರಿಯಿತು, ಅಂದರೆ ಹಳೆಯದರ ಮೇಲೆ ಕಂಪೈಲ್ ಆದ ಕೋಡ್ ಹೊಸದರ ಜೊತೆ ನಡೆಯದು. ಹಳೆಯ ಪ್ಯಾಕೇಜ್ 1.x ಮೇಲೆ ಕಂಪೈಲ್ ಆಗಿದ್ದರೂ ಅದರ ಮೆಟಾಡೇಟಾದಲ್ಲಿ (ಏನೇನು ಬೇಕೆಂಬ ವಿವರಪಟ್ಟಿ) ನಂಪೈಗೆ ಮೇಲ್ಮಿತಿ ಹಾಕಿರುವುದಿಲ್ಲ. ಯುವಿ ಖುಷಿಯಾಗಿ 2 ತಂದಿಡುತ್ತದೆ. ಇಂಪೋರ್ಟ್ ಮಾಡಿದಾಗ ಡಿಟೈಪ್ (ನಂಪೈ ಡೇಟಾದ ಬಗೆ ಹೇಳುವ ರಚನೆ) ಗಾತ್ರ 96 ಇರಬೇಕಿತ್ತು, 88 ಸಿಕ್ಕಿತು ಎಂಬ ಎರರ್. ಯುವಿಯನ್ನು ದೂರಿ ಫಲವಿಲ್ಲ, ಮಿತಿಯನ್ನು ನಾವೇ ಹಾಕಬೇಕು.

ಮೊದಲು 'ಯುವಿ ಟ್ರೀ'ಗೆ 'ಇನ್ವರ್ಟ್' ಮತ್ತು 'ಪ್ಯಾಕೇಜ್ ನಂಪೈ' ಆಯ್ಕೆ ಕೊಟ್ಟು, ನಂಪೈಯನ್ನು ಯಾರು ಎಳೆತಂದರು ನೋಡಿ. ಆಮೇಲೆ ಪ್ರಾಜೆಕ್ಟಿನ ಸೆಟ್ಟಿಂಗ್ ಇರುವ ಪೈಪ್ರಾಜೆಕ್ಟ್ ಫೈಲಿನ (pyproject.toml) ಟೂಲ್-ಯುವಿ ಭಾಗದಲ್ಲಿ 'ಕನ್‌ಸ್ಟ್ರೇಂಟ್ ಡಿಪೆಂಡೆನ್ಸೀಸ್' ಅಡಿ 'ನಂಪೈ<2' ಬರೆದು 'ಯುವಿ ಸಿಂಕ್' ಕೊಡಿ. ಪಕ್ಕದಲ್ಲೇ ಇರುವ 'ಓವರ್‌ರೈಡ್'ಗೆ ಕೈ ಹಾಕಬೇಡಿ. ಅದು ಪ್ಯಾಕೇಜ್ ಹೇಳಿದ ಷರತ್ತನ್ನೇ ಅಳಿಸಿ ನಿಮ್ಮದನ್ನು ಕೂರಿಸುತ್ತದೆ, ಕೊನೆಯ ಅಸ್ತ್ರವಾಗಿರಲಿ.

ಪೈಥಾನ್ 3.13 ಇದ್ದರೆ ಇಷ್ಟಕ್ಕೇ ಮುಗಿಯದು. ನಂಪೈ 1.26.4ಕ್ಕೆ ಸಿದ್ಧ ವೀಲ್ (ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜ್) ಇರುವುದು 3.12ರವರೆಗೆ ಮಾತ್ರ, ಸೋರ್ಸ್‌ನಿಂದ ಬಿಲ್ಡ್ ಆಗಲು ಹೋಗಿ, ಸಿ ಕಂಪೈಲರ್ ಇಲ್ಲದಿದ್ದರೆ ಬೀಳುತ್ತದೆ. 'ಯುವಿ ಪೈಥಾನ್ ಪಿನ್ 3.12' ಕೊಟ್ಟು ಮತ್ತೆ 'ಯುವಿ ಸಿಂಕ್' ಮಾಡಿದರೆ ಸಾಕು, ಆ ಪೈಥಾನನ್ನೂ ಯುವಿಯೇ ಇಳಿಸಿಕೊಳ್ಳುತ್ತದೆ. ಈ ಸೌಕರ್ಯಕ್ಕೇ ಯುವಿ ಇಟ್ಟುಕೊಳ್ಳಬಹುದು.

ಕೊರತೆಗಳೂ ಇವೆ. 'ಯುವಿ ವೆನ್ವ್' ಮಾಡಿದ ಪ್ರತ್ಯೇಕ ಪೈಥಾನ್ ಪರಿಸರದಲ್ಲಿ (virtual environment) ಪೈಥಾನಿನ ರೂಢಿಯ ಇನ್ಸ್ಟಾಲರ್ ಆದ ಪಿಪ್ ಇರುವುದಿಲ್ಲ. ಅಭ್ಯಾಸಬಲದಿಂದ 'ಪಿಪ್ ಇನ್‌ಸ್ಟಾಲ್' ಹೊಡೆದರೆ ಪ್ಯಾಕೇಜ್ ಹೊರಗಿನ ಪೈಥಾನ್‌ಗೆ ಹೋಗಿ ಕೂರುತ್ತದೆ. 'ಹಾಕಿದೆ, ಆದರೂ ಸಿಗುತ್ತಿಲ್ಲ' ಎಂಬ ಗೋಳು ಹೆಚ್ಚಾಗಿ ಇಲ್ಲಿಂದಲೇ. ಪಿಪ್ ಬೇಕಿದ್ದರೆ 'ಯುವಿ ವೆನ್ವ್'ಗೆ 'ಸೀಡ್' ಆಯ್ಕೆ ಸೇರಿಸಿ. 'ಯುವಿ ಪಿಪ್ ಇನ್‌ಸ್ಟಾಲ್' ಈಗಾಗಲೇ ಇರುವ ಪ್ಯಾಕೇಜ್ ಮುರಿದರೂ ತಾನಾಗಿ ಎಚ್ಚರಿಸುವುದಿಲ್ಲ. 'ಸ್ಟ್ರಿಕ್ಟ್' ಕೊಡಬೇಕು, ಇಲ್ಲವೇ ಆಮೇಲೆ 'ಯುವಿ ಪಿಪ್ ಚೆಕ್' ಓಡಿಸಬೇಕು. ಹೀಗೆ ಕೈಯಾರೆ ಹಾಕಿದ್ದನ್ನು ಮುಂದಿನ 'ಯುವಿ ಸಿಂಕ್' ಗುಡಿಸಿ ಹಾಕುತ್ತದೆ, ಲಾಕ್ ಫೈಲಿನಲ್ಲಿ (ಯಾವ ಪ್ಯಾಕೇಜಿನ ಯಾವ ವರ್ಷನ್ ಎಂಬ ಪಟ್ಟಿ) ಅದರ ಹೆಸರೇ ಇಲ್ಲವಲ್ಲ.