ಹೊಳೆಯುವ ನಳಿಗೆಯನ್ನು ನಂಬಿ ಕೆಟ್ಟೆ: ಅಜ್ಜನ ಕಾಲದ ಕೋವಿ ಇರುವವರ ಗಮನಕ್ಕೆ

ಮೂಡಿಗೆರೆ ಸೀಮೆಯ ಅನೇಕ ತೋಟದ ಮನೆಗಳಲ್ಲಿರುವಂತೆ ನಮ್ಮಲ್ಲಿಯೂ ಅಜ್ಜನ ಕಾಲದ, ಜೋಡಿ ನಳಿಗೆಯ 12 ಬೋರಿನ ತೋಟಾ (ಕಾರ್ಟ್ರಿಜ್) ಕೋವಿಯೊಂದಿತ್ತು. ಲೈಸೆನ್ಸು ನನ್ನ ಹೆಸರಿಗೆ ಬಂದ ವರ್ಷ, ಭತ್ತ ಹಾಲುಗಟ್ಟುವ ಹೊತ್ತಿಗೆ ಗದ್ದೆಗಿಳಿಯುತ್ತಿದ್ದ ಹಂದಿಗಳನ್ನು ಬೆದರಿಸಲೆಂದು ಗಾಳಿಯಲ್ಲಿ ಒಂದು ಈಡು ಹಾರಿಸಿದೆ. ಎಡ ನಳಿಗೆಯು ತೋಟಾ ತುಂಬುವ ತುದಿಯಿಂದ ಒಂದು ಗೇಣಿನಷ್ಟು ಮುಂದೆ, ಸರಿಯಾಗಿ ನನ್ನ ಎಡಗೈ ಹಿಡಿದಿದ್ದಲ್ಲಿ, ಓರೆಯಾಗಿ ಸೀಳಿಕೊಂಡಿತು. ಹೆಬ್ಬೆರಳಿನ ಮೇಲಿನ ಗೆಣ್ಣು ಹೋಯಿತು. ಕನ್ನಡಕವಿದ್ದುದರಿಂದ ಕಣ್ಣು ಉಳಿಯಿತು.

ಅದಕ್ಕೆ ತಿಂಗಳ ಹಿಂದಷ್ಟೇ ಕೋವಿಯನ್ನು ರಿಪೇರಿಯವರೊಬ್ಬರಿಗೆ ತೋರಿಸಿದ್ದೆ. ಅವರು ಒಳಗೆಲ್ಲ ಉಜ್ಜಿ, ಹೊರಗೆ ಕಪ್ಪು ಬಣ್ಣವೇರಿಸಿ, “ಕನ್ನಡಿ ಆಗಿದೆ ನೋಡಿ ಗೌಡ್ರೇ, ಇನ್ನೇನೂ ಚಿಂತೆಯಿಲ್ಲ” ಎಂದು ಕೊಟ್ಟಿದ್ದರು. ನಿಜಕ್ಕೂ ಫಳಫಳ ಹೊಳೆಯುತ್ತಿತ್ತು. ಆದರೆ ತುಕ್ಕು ತಿಂದ ಗುಳಿಯನ್ನು ಉಜ್ಜಿ ಮಾಯ ಮಾಡುವುದೆಂದರೆ ಗುಳಿಯ ಸುತ್ತಲಿನ ಒಳ್ಳೆಯ ಲೋಹವನ್ನೂ ಅದರ ಆಳಕ್ಕೆ ಸವೆಸುವುದೆಂದೇ ಅರ್ಥ; ಗುಳಿ ಹೋಗುತ್ತದೆ, ಜೊತೆಗೆ ನಳಿಗೆಯ ದಪ್ಪವೂ ಹೋಗುತ್ತದೆ. ಕಪ್ಪು ಬಣ್ಣ ಮಾಡಿದ ಅನಾಹುತ ಇನ್ನೊಂದು. ನಮ್ಮದು ಡಮಾಸ್ಕಸ್ ನಳಿಗೆ, ಎಂದರೆ ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸರಳಿನ ಸುತ್ತ ಸುರುಳಿ ಸುತ್ತಿ, ಕಾಯಿಸಿ ಬಡಿದು ಬೆಸೆದದ್ದು. ಹಾವಿನ ಪೊರೆಯಂಥ ಅದರ ಗೆರೆಗಳು ಬಣ್ಣದಡಿ ಮುಚ್ಚಿಹೋಗಿದ್ದವು. ಸೀಳು ನೇರವಾಗಿರದೆ ಓರೆಯಾಗಿದ್ದುದು ಆ ಬೆಸುಗೆಯ ಜಾಡನ್ನೇ ಹಿಡಿದದ್ದರಿಂದ.

ನನ್ನ ತಪ್ಪೂ ಕಡಿಮೆಯದಲ್ಲ. ಕೋವಿ ಖಾಲಿಯಿರುವುದನ್ನು ಖಚಿತಪಡಿಸಿಕೊಂಡು, ನಳಿಗೆಗಳನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ, ಒಳಗಿನ ಬೆಳಕಿನ ಬಳೆಗಳ ನಡುವೆ ಒಂದು ಕಡೆ ಮಸುಕಾದ ಕಪ್ಪು ಉಂಗುರವಿತ್ತು. ಅದೇ ಜಾಗವನ್ನು ಹೊರಗಿನಿಂದ ಕಣ್ಣು ಮುಚ್ಚಿ ಬೆರಳಾಡಿಸಿದರೆ ಬಿದಿರಿನ ಗೆಣ್ಣಿನಂತೆ ಕೂದಲೆಳೆಯಷ್ಟು ಉಬ್ಬು ಸಿಗುತ್ತಿತ್ತು. ಹಿಂದೆಂದೋ ನಳಿಗೆಯಲ್ಲಿ ಏನೋ ಸಿಕ್ಕಿಕೊಂಡಿದ್ದಾಗ ಈಡು ಹಾರಿಸಿದರೆ ಇಂಥ ಉಬ್ಬು ಬರುತ್ತದೆ. ಮಳೆಗಾಲದಲ್ಲಿ ಕುಂಬಾರ ಹುಳು ಕಟ್ಟಿದ ಮಣ್ಣಿನ ಗೂಡೂ ಅದಕ್ಕೆ ಸಾಕು. ನಾನು ಅದನ್ನು ಎಣ್ಣೆಯ ಕಲೆಯೆಂದುಕೊಂಡೆ.

ತೋಟಾವನ್ನೂ ನೋಡಲಿಲ್ಲ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಗೂಡು ಹೆಚ್ಚಾಗಿ 65 ಮಿ.ಮೀ. ಉದ್ದದ್ದು, ನಾನು ತುಂಬಿದ್ದು 70 ಮಿ.ಮೀ. ತೋಟಾ. ಮಡಿಸಿದ ಬಾಯಿಯಿಂದಾಗಿ ಅದು ಸಲೀಸಾಗಿ ಒಳಗೆ ಕೂರುತ್ತದೆ, ಆದರೆ ಸಿಡಿಯುವಾಗ ಆ ಬಾಯಿ ಮುಂದಿನ ಕಿರಿದಾದ ಭಾಗದೊಳಕ್ಕೆ ಬಿಚ್ಚಿಕೊಂಡು ಒತ್ತಡವನ್ನು ಏರಿಸುತ್ತದೆ. ಕರಿಮದ್ದಿಗಷ್ಟೇ ಪರೀಕ್ಷೆಯಾದ ನಳಿಗೆಗೆ ಈ ಕಾಲದ ಹೊಗೆರಹಿತ ಮದ್ದು ಹಾಕಲೇಬಾರದು. ಯಾವುದಕ್ಕೆ ಪರೀಕ್ಷೆಯಾಗಿದೆ ಎಂಬ ಮುದ್ರೆ ನಳಿಗೆಗಳ ತಳಭಾಗದಲ್ಲಿ, ಬಿಚ್ಚಿದಾಗ ಮಾತ್ರ ಕಾಣುವಂತೆ ಇರುತ್ತದೆ. ಮುದ್ರೆಯ ನಂತರ ಯಾರಾದರೂ ಉಜ್ಜಿದ್ದರೆ ಅದಕ್ಕೂ ಬೆಲೆಯಿಲ್ಲ.

ನಳಿಗೆಯನ್ನು ದಾರದಲ್ಲಿ ತೂಗುಹಾಕಿ ಬೆರಳಲ್ಲಿ ತಟ್ಟಿ, ಗಂಟೆಯಂತೆ ನುಡಿದರೆ ಸರಿ ಎನ್ನುವವರಿದ್ದಾರೆ. ಒಡಕು ಸದ್ದು ಬಂದರೆ ಕೋವಿಯನ್ನು ಬದಿಗಿಡಲು ಅಷ್ಟು ಸಾಕು; ಆದರೆ ಒಳ್ಳೆಯ ಸದ್ದು ಬಂತೆಂದು ತೋಟಾ ತುಂಬುವುದು ಮೂರ್ಖತನ, ಏಕೆಂದರೆ ತೆಳುವಾದ ನಳಿಗೆಯೂ ಚೆನ್ನಾಗಿಯೇ ನುಡಿಯುತ್ತದೆ. ದಪ್ಪವನ್ನು ಅಳೆಯುವ ಉಪಕರಣವಿರುವ ಲೈಸೆನ್ಸುದಾರ ಕೋವಿ ವ್ಯಾಪಾರಿಯಿಂದ ಉದ್ದಕ್ಕೂ, ಸುತ್ತಲೂ ಅಳತೆ ಮಾಡಿಸಬೇಕು. ತೀರಾ ತೆಳುವಾದ ಕಡೆಯಲ್ಲಿಯೂ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇರಕೂಡದು, ತೋಟಾದ ಕಡೆಗೆ ಬಂದಂತೆ ಅದಕ್ಕಿಂತ ಬಹಳ ಹೆಚ್ಚು ಇರಬೇಕು.

ಘಟನೆಯ ನಂತರ ನಾನೂ ಹಾಗೆ ಅಳೆಸಿದೆ. ಸೀಳದೆ ಉಳಿದಿದ್ದ ಬಲ ನಳಿಗೆ ಇನ್ನೂ ಕನ್ನಡಿಯಂತೆಯೇ ಹೊಳೆಯುತ್ತಿತ್ತು. ಒಂದು ಗೇಣು ದೂರದಲ್ಲಿ, ಅದರ ಒಂದು ಮಗ್ಗುಲಲ್ಲಿ ಅರ್ಧ ಮಿಲಿಮೀಟರೂ ಉಳಿದಿರಲಿಲ್ಲ.